ಬಚ್ಚಲಿಗೆ ಹಾಕಿದ ಒಗ್ಗರಣೆ

"ನನ್ನ ಮೂಗಿನ ಕಣ್ಣ ತಪ್ಪಿಸಿ ಈ ಭೂಮಿ ಮ್ಯಾಲ ಒಂದು ವಾಸನಿ ಸುಳೀಲಿ, ನೋಡೋಣಂತ!"

ಕಲಬುರ್ಗಿಯ ಬ್ರಹ್ಮಪುರದ ಸಕ್ಕೂಬಾಯಿ ಈ ಮಾತನ್ನು ದಿನಕ್ಕೆ ಮೂರು ಸಲ ಹೇಳುತ್ತಿದ್ದಳು. ಏಕಾದಶಿಯ ದಿನ ಬಾಯಿಗೆ ಬೇರೆ ಕೆಲಸವಿಲ್ಲದ್ದರಿಂದ ಐದು ಸಲ. ಹೇಳಿದರೆ ಹೇಳಲಿ ಎಂದು ಬಿಡುವಂತೆಯೂ ಇರಲಿಲ್ಲ, ಪ್ರತಿಯೊಂದಕ್ಕೂ ಸಾಕ್ಷಿ ಇತ್ತು. ಅವಳ ತವರು ಕಮಲಾಪುರದಲ್ಲಿ ಕೆಂಪು ಬಾಳೆಯ ಗೊನೆ ಹಣ್ಣಾಗತೊಡಗಿದರೆ ಇಪ್ಪತ್ತೆರಡು ಮೈಲಿ ಈಚೆಗೆ ಇವಳ ಮೂಗು ಅರಳುತ್ತಿತ್ತು. "ಅಣ್ಣನ ತ್ವಾಟದಾಗ ಬಾವಿ ಕಡೆ ಗೊನಿ ಹಣ್ಣಾಗೇದ" ಎನ್ನುವಳು. ಮರುದಿನ ಹುಮನಾಬಾದ್ ಬಸ್ಸಿನಿಂದ ಅದೇ ಗೊನೆ ಇಳಿಯುವುದು. ನೆಹರು ಗಂಜಿನ ವ್ಯಾಪಾರಿ ಸೂಗಪ್ಪ ಒಮ್ಮೆ ತೊಗರಿಬೇಳೆಯ ನೂರು ಚೀಲ ಪೇರಿಸಿಟ್ಟು, ಮಳೆನೀರು ಕುಡಿದ ಚೀಲ ಯಾವುದೆಂದು ತಿಳಿಯದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಸಕ್ಕೂಬಾಯಿ ಅಂಗಡಿಯ ಮೆಟ್ಟಿಲು ಸಹ ಹತ್ತಲಿಲ್ಲ. ರಸ್ತೆಯ ಆಚೆ ಬದಿಯಿಂದ ಒಂದು ಉಸಿರು ಎಳೆದು, "ಕೆಳಗಿನ ಸಾಲು, ಎಡಗಡಿಂದ ನಾಕನೇದು" ಅಂದಳು. ಬಿಚ್ಚಿದರೆ ಬೇಳೆಗೆ ಬೂಷ್ಟು ಹತ್ತಿತ್ತು. ಉಳಿದ ತೊಂಬತ್ತೊಂಬತ್ತು ಚೀಲಗಳೂ ಎದ್ದು ನಿಂತು ಅವಳಿಗೆ ಕೈ ಮುಗಿದವೆಂದು ಸೂಗಪ್ಪ ಹೇಳುತ್ತಾನೆ. ಅಷ್ಟನ್ನೂ ನಂಬಬೇಕಾಗಿಲ್ಲ, ಅರ್ಧ ಎದ್ದಿದ್ದರೂ ದೊಡ್ಡದೇ.

ಆದರೆ ಮೂಗು ಅವಳಿಗೆ ಬರೀ ಹೆಮ್ಮೆಯಲ್ಲ, ಅದೇ ಅವಳ ಕಸುಬು. ಊರಿನ ವೈಷ್ಣವ ಮನೆಗಳಲ್ಲಿ ಮುಂಜಿ, ಶಾಂತಿ, ತಿಥಿ ಏನಿದ್ದರೂ ಮಡಿ ಅಡಿಗೆಗೆ ಸಕ್ಕೂಬಾಯಿಯೇ ಬರಬೇಕು. ಮಡಿ ಅಡಿಗೆಯ ಕಷ್ಟ ಮಾಡಿದವರಿಗೇ ಗೊತ್ತು. ನೈವೇದ್ಯ ಆಗುವತನಕ ಅಡಿಗೆಯವಳು ಒಂದು ಹನಿ ಸಾರನ್ನೂ ನಾಲಿಗೆಗೆ ಹಚ್ಚಿ ನೋಡುವಂತಿಲ್ಲ. ಇನ್ನೂರು ಮಂದಿಯ ಕೊಪ್ಪರಿಗೆಯಲ್ಲಿ ಉಪ್ಪು ಸರಿಯೋ ತಪ್ಪೋ ಮೊದಲು ತಿಳಿಯುವುದು ದೇವರಿಗೆ. ಆತ ಇಷ್ಟು ವರ್ಷಗಳಲ್ಲಿ ಯಾರಿಗೂ ಬಾಯಿ ಬಿಟ್ಟವನಲ್ಲ. ಉಳಿದ ಅಡಿಗೆಯವರು ಕೈಯಳತೆಯಲ್ಲಿ ಹಾಕಿ ಆತನ ಮೇಲೆಯೇ ಭಾರ ಹಾಕುತ್ತಿದ್ದರು. ಸಕ್ಕೂಬಾಯಿ ಹಾಗಲ್ಲ. ಕೊಪ್ಪರಿಗೆಯ ಮೇಲೆ ಬಾಗಿ, ಕಣ್ಣು ಮುಚ್ಚಿ, ಹೊಟ್ಟೆಯ ತಳದವರೆಗೆ ಒಂದು ಉಸಿರು ಎಳೆಯುವಳು.

"ಉಪ್ಪು ಒಂದು ಚಿಮಟಿ ಕಮ್ಮಿ. ಹುಣಸಿ ಇನ್ನೂ ಹಸೀ ಅದ, ಮತ್ತೊಂದು ಕುದಿ ಬರಲಿ."

ಅಷ್ಟೇ, ಮುಗಿಯಿತು. ಹದಿನೇಳಕ್ಕೆ ಮದುವೆಯಾಗಿ ಬಂದು, ಅತ್ತೆಯ ಹಿಂದೆ ಸೌಟು ಹಿಡಿದು ನಿಂತವಳಿಗೆ ಈಗ ಐವತ್ತಾರು. ಈ ಅವಧಿಯಲ್ಲಿ ಅವಳ ಸಾರಿಗೆ ಎಲೆಯ ತುದಿಯ ಉಪ್ಪು ಕಲಸಿಕೊಂಡವರು ಇಬ್ಬರೇ, ಆ ಇಬ್ಬರಿಗೂ ನೆಗಡಿ ಇತ್ತು. ಗಂಡ ಪಾಂಡುರಂಗರಾಯರು ತಹಶೀಲ ಕಚೇರಿಯ ನಿವೃತ್ತ ಗುಮಾಸ್ತರು. ಹೆಂಡತಿಯ ಮೂಗಿಗೆ ಹೆದರಿ ಮೂವತ್ತೊಂಬತ್ತು ವರ್ಷ ಒಂದು ಬೀಡಿಯನ್ನೂ ಕದ್ದು ಸೇದಲಾಗದೆ, ಬೇರೆ ದಾರಿಯಿಲ್ಲದೆ ಆರೋಗ್ಯವಂತರಾಗಿ ಉಳಿದಿದ್ದರು.

ತೊಂಬತ್ನಾಲ್ಕನೇ ಇಸವಿಯ ಪಕ್ಷಮಾಸದಲ್ಲಿ, ಮನೆಮನೆಗೂ ತಿಥಿ ಇರುವಾಗ, ಸೂರತ್ತಿನಲ್ಲಿ ಪ್ಲೇಗು ಎಂದು ಪೇಪರಿನಲ್ಲಿ ಬಂತು. ಸೂರತ್ ಎಲ್ಲಿ, ಕಲಬುರ್ಗಿ ಎಲ್ಲಿ! ಆದರೂ ಊರಿಗೆ ಊರೇ ಮೂಗಿಗೆ ದಸ್ತಿ ಕಟ್ಟಿಕೊಂಡಿತು. ಬೀಗರಿಗೆ ಬೀಗರ ಗುರುತು ಸಿಗದೆ ಎಷ್ಟೋ ಜಗಳಗಳು ತಾವಾಗಿ ನಿಂತವು. ಎಲ್ಲಿಯೋ ಒಂದು ಇಲಿ ಸತ್ತರೆ ನೂರು ಮಂದಿ ಹತ್ತು ಮಾರು ದೂರ ನಿಂತು ಅದಕ್ಕೆ ಗೌರವ ಸಲ್ಲಿಸಿದರು. ಮನೆಗಳ ಮುಂದೆ ರಂಗೋಲಿಯ ಜಾಗದಲ್ಲಿ ಬ್ಲೀಚಿಂಗ್ ಪೌಡರ್ ಬಿತ್ತು.

ಇಂಥದರಲ್ಲಿ ರಾಯರ ಅಕ್ಕನ ಮಗ ಶ್ರೀನಿವಾಸ ಟ್ರಂಕು ಹೊತ್ತುಕೊಂಡು ಬಾಗಿಲಿಗೆ ಬಂದ. ಎಲ್ಲಿಂದ? ಸೂರತ್ತಿನಿಂದಲೇ. ಅಲ್ಲಿಯ ಮಿಲ್ಲಿನಲ್ಲಿ ಕೆಲಸ. ಬಂದ ಮಗನನ್ನು ಹೊರಗೆ ನಿಲ್ಲಿಸಲಾಗುತ್ತದೆಯೇ? ಸಕ್ಕೂಬಾಯಿ ಕಷಾಯ ಕುಡಿಸಿದಳು, ಕುದಿಯುವ ನೀರಲ್ಲಿ ಎರೆದಳು, ಬಿಸಿ ಅನ್ನ ಬಡಿಸಿದಳು. ಹುಡುಗ ಉಂಡು ಮಲಗಿ, ಮರುದಿನ ತನ್ನ ಊರಿನ ಬಸ್ಸು ಹತ್ತಿದ. ಅವನಿಗೆ ಏನೂ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಆದರೆ ಅವನು ಮಿಂದ ಬಚ್ಚಲು ಹಿಂದೆ ಉಳಿಯಿತು.

ಅದೇ ಹೊತ್ತಿಗೆ ಓಣಿಯಲ್ಲಿ ಇನಾಯತ್‌ನ ಸೈಕಲ್ ಬಂತು. ಫಿನಾಯಿಲ್, ಆ್ಯಸಿಡ್, ಕಸಬರಿಗೆ ಮಾರುವವನು. ಆ್ಯಸಿಡ್ ಬಾಟಲಿಗಳು ಎಡಗಡೆ ಬುಟ್ಟಿಯಲ್ಲಿ, ಬ್ಲೀಚಿಂಗ್ ಪೌಡರಿನ ಪಾಕೀಟು ಬಲಗಡೆ.

"ಎರಡೂ ಕೊಡಪಾ" ಎಂದಳು ಸಕ್ಕೂಬಾಯಿ.

"ಕೊಡ್ತೀನ್ರಿ ಬಾಯಾರ. ಆದರ ಇವೆರಡಕ್ಕೂ ಬನೋದಿಲ್ಲ. ಒಂದು ಹಾಕಿದ ಜಾಗಾಕ್ಕ ಇನ್ನೊಂದು ನಕ್ಕೋ, ಹಾಕಬ್ಯಾಡ್ರಿ. ಅದಕ್ಕೇ ನೋಡ್ರಿ, ನಾ ಸೈಕಲ್ ಮ್ಯಾಲ ಸುದ್ದಾ ಬ್ಯಾರೆ ಬ್ಯಾರೆ ಇಟ್ಟೀನಿ."

"ಹುಳಿಗೆ ಎಷ್ಟು ಖಾರ ಕೂಡಸಬೇಕು ಅನ್ನೂದು ನನಗ ನೀ ಕಲಸ್ತೀಯೇನೋ, ಇನಾಯತ್?"

ಇನಾಯತ್ ನಕ್ಕು ಬೆಲ್ಲು ಹೊಡೆದ. ಅಡಿಗೆಯವರ ಜೊತೆ ಅಡಿಗೆಯ ಮಾತಿನಲ್ಲಿ ಯಾರು ಗೆದ್ದಾರು?

ಸಕ್ಕೂಬಾಯಿ ಸ್ನಾನಕ್ಕೆ ಮೊದಲು ಬಚ್ಚಲಿಗೆ ಹೊಕ್ಕಳು. ಬ್ಲೀಚಿಂಗ್ ಪೌಡರನ್ನು ಹೋಳಿಗೆ ಲಟ್ಟಿಸುವಾಗ ಹಿಟ್ಟು ಉದುರಿಸಿದಂತೆ ಮೂಲೆಮೂಲೆಗೆ ಉದುರಿಸಿದಳು. ಅದರ ಮೇಲೆ ಸೋಪಿನ ಪುಡಿ, ಅದರ ಮೇಲೆ ಸೋಡಾ, ಅದರ ಮೇಲೆ ಫಿನಾಯಿಲ್. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಬೇರೆಬೇರೆಯಾಗಿ ಇದ್ದಾಗ ಬರೀ ದಿನಸಿ, ಐದೂ ಕೂಡಿದರೆ ಪಂಚಾಮೃತ. ಅವಳ ಶಾಸ್ತ್ರ ಅಲ್ಲಿಂದ ಬಂದಿತ್ತು. ನಾಲ್ಕಾಗಿತ್ತು. ಐದನೆಯದಾಗಿ ಆ್ಯಸಿಡ್ ಬಾಟಲಿಯನ್ನು ಒಗ್ಗರಣೆ ಸುರಿದಂತೆ ಸುರಿದಳು.

ಚೊಯ್ ಎಂದಿತು. ನೊರೆ ಎದ್ದಿತು. ಒಗ್ಗರಣೆ ಬಿದ್ದ ಕೂಡಲೇ ಮುಚ್ಚಳ ಮುಚ್ಚಬೇಕು, ಘಮ ಹೊರಗೆ ಹೋಗಬಾರದು. ಅಷ್ಟು ವರ್ಷದ ಕೈ ತಾನಾಗಿ ಕೆಲಸ ಮಾಡಿತು. ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿದಳು, ಬೆಳಕಿಂಡಿಗೆ ಗೋಣಿತಟ್ಟು ತುರುಕಿದಳು. ಹಸಿರೋ ಹಳದಿಯೋ ತಿಳಿಯದ ಹೊಗೆ ನೆಲದ ಮೇಲೆ ಹರಿದು ಪಾದ ಸುತ್ತಿತು. ಮೂಗಿಗೆ ಘಾಟು ಬಡಿಯಿತು. ಹೊಲಸು ಸಾಯಲಿಕ್ಕೆ ಹತ್ತಿದೆ ಎಂದುಕೊಂಡಳು. ಆಗಲೂ ಹೊರಗೆ ಓಡಬಹುದಿತ್ತು. ಆದರೆ ಮೂಗನ್ನು ಕೇಳದೆ ಯಾವುದನ್ನೂ "ಆತು" ಎಂದು ಕೆಳಗಿಳಿಸಿದವಳಲ್ಲ. ಬಾಗಿದಳು, ಕಣ್ಣು ಮುಚ್ಚಿದಳು, ಹೊಟ್ಟೆಯ ತಳದವರೆಗೆ ಒಂದು ಉಸಿರು ಎಳೆದಳು.

ಎದೆಯೊಳಗೆ ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿಗೆ ಬೆಂಕಿ ಬಿದ್ದಂತಾಯಿತು. ಕಣ್ಣು ಕಾಣಲಿಲ್ಲ. ಉಸಿರು ಒಳಗೂ ಹೋಗದು, ಹೊರಗೂ ಬಾರದು. ಚಿಲಕ ಎಲ್ಲಿದೆ ಎಂದು ಗೋಡೆ ತಡವಿದಳು. ತಾನೇ ಹಾಕಿದ ಚಿಲಕ ಕೈಗೆ ಸಿಗಲಿಲ್ಲ. ತಂಬಿಗೆ ಉರುಳಿ ಬಿತ್ತು.

ಹಿತ್ತಲಲ್ಲಿ ಮುಸುರೆ ತಿಕ್ಕುತ್ತಿದ್ದ ಹಣಮಮ್ಮ ಆ ಸಪ್ಪಳ ಕೇಳಿದಳು, ಆಮೇಲೆ ಕೆಮ್ಮು ಕೇಳಿದಳು. ಹದಿನಾಲ್ಕು ವರ್ಷದಿಂದ ಆ ಮನೆಯ ಪಾತ್ರೆ ತಿಕ್ಕಿದ ಮೈ, ಅದರಲ್ಲಿ ಎರಡು ಎತ್ತಿನ ಬಲ ಇತ್ತು. ಒದ್ದ ರಭಸಕ್ಕೆ ಬಾಗಿಲು ಚಿಲಕದ ಸಮೇತ ಒಳಗೆ ಬಿತ್ತು. ಸೆರಗನ್ನು ನೀರಲ್ಲಿ ಅದ್ದಿ ಬಾಯಿಗೆ ಕಟ್ಟಿಕೊಂಡು, ಉಸಿರು ಬಿಗಿಹಿಡಿದು, ಸಕ್ಕೂಬಾಯಿಯ ಎರಡೂ ರಟ್ಟೆ ಹಿಡಿದು ತುಳಸಿಕಟ್ಟೆಯತನಕ ಎಳೆದು ತಂದಳು. ಕಣ್ಣಿಗೆ ಕೊಡಗಟ್ಟಲೆ ತಣ್ಣೀರು ಸುರಿದಳು.

ಪಾಂಡುರಂಗರಾಯರು ಪೇಪರು ಹಿಡಿದುಕೊಂಡೇ ಓಡಿ ಬಂದು, "ಉಳ್ಳಾಗಡ್ಡಿ! ಉಳ್ಳಾಗಡ್ಡಿ ಮೂಸಸಬೇಕು!" ಎಂದು ಕೂಗಿದರು. ಆ ಮನೆಗೆ ಈರುಳ್ಳಿ ಬಂದದ್ದು ನಿಜಾಮನ ಕಾಲದಲ್ಲಿಯೂ ಇರಲಿಕ್ಕಿಲ್ಲ. ಹಣಮಮ್ಮ ತನ್ನ ರೊಟ್ಟಿಯ ಗಂಟು ಬಿಚ್ಚಿ, ಒಂದು ಗಡ್ಡೆ ತೆಗೆದು, ಮುಷ್ಟಿಯಿಂದ ಗುದ್ದಿ, ಸಕ್ಕೂಬಾಯಿಯ ಮೂಗಿಗೇ ಹಿಡಿದಳು. ಪಕ್ಷಮಾಸ, ತುಳಸಿಕಟ್ಟೆಯ ಮುಂದೆ! ಬೇರೆ ದಿನವಾಗಿದ್ದರೆ ಆ ವಾಸನೆಗೆ ಸಕ್ಕೂಬಾಯಿ ಚಿತೆಯ ಮೇಲಿಂದಲೂ ಎದ್ದು ಬೈಯುತ್ತಿದ್ದಳು.

ಅವಳು ನಿಧಾನ ಕಣ್ಣು ತೆರೆದಳು. ಆ ಬಿಳಿ ಹೋಳನ್ನು ನೋಡಿದಳು.

"ಏನಿದು?" ಎಂದಳು ಗೊಗ್ಗರು ದನಿಯಲ್ಲಿ. "ಕೊಬ್ಬರಿಯೇನ?"

ರಾಯರು ಪೇಪರು ಎಸೆದು ಆಟೋ ಕರೆಯಲು ಓಡಿದರು.

ಕೋಟೆಯ ಹತ್ತಿರದ ಡಾಕ್ಟರ್ ಬುರ್ಹಾನುದ್ದೀನ್ ಎದೆ ನೋಡಿದರು, ಕಣ್ಣು ನೋಡಿದರು, ನಾಲ್ಕು ದಿನ ಆಸ್ಪತ್ರೆಯಲ್ಲಿ ಇರಿಸಿದರು. "ಬ್ಲೀಚಿಂಗಿಗೆ ಆ್ಯಸಿಡ್ ಬಿದ್ದರ ವಿಷದ ಗ್ಯಾಸ್ ಆಗ್ತದ ಅಮ್ಮಾ. ಅದಕ್ಕ ಬಾಗಲಾನೂ ಹಾಕಿ, ಬಗ್ಗಿ ಮೂಸಿ ನೋಡೀರಿ. ಇನ್ನ ಎರಡು ಮಿನಿಟು ಹೋಗಿದ್ದರ ನಾ ನಿಮಗ ಕಾಣ್ತಿದ್ದಿಲ್ಲ. ಜೀವ ಉಳದದ, ದೇವರಿಗೆ ಶುಕರ್ ಅನ್ರಿ."

"ಮೂಗು?"

"ಎರಡು ತಿಂಗಳಿಗೆ ಬರಬಹುದು. ವರ್ಷಕ್ಕ ಬರಬಹುದು. ಬರದೇನೂ ಇರಬಹುದು. ಸುಳ್ಳು ಹೇಳಲಿ ಏನು?"

ಸಕ್ಕೂಬಾಯಿ ಮನೆಗೆ ಬಂದಳು. ಬೆಳಿಗ್ಗೆ ಎದ್ದು ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿಯುವಳು, ಮುಚ್ಚಿಡುವಳು. ಮಧ್ಯಾಹ್ನ ಕರ್ಪೂರ. ಸಂಜೆ ಮತ್ತೆ ಇಂಗು. ಡಬ್ಬಿಯಲ್ಲಿ ಮಣ್ಣಿದ್ದರೂ ಒಂದೇ, ಇಂಗಿದ್ದರೂ ಒಂದೇ. ಒಲೆಯ ಮುಂದೆ ಕೂತವಳಿಗೆ ಬೇಳೆ ತಳ ಹತ್ತಿದ್ದು ಹೊಗೆ ಕಣ್ಣಿಗೆ ಬಡಿದ ಮೇಲೆ ಗೊತ್ತಾಯಿತು. ಆ ದಿನ ಅವಳು ಸುಟ್ಟ ಪಾತ್ರೆಯನ್ನು ಹಣಮಮ್ಮನಿಗೂ ಕೊಡದೆ ತಾನೇ ತಿಕ್ಕಿದಳು. ರಾಯರು ಹೆಂಡತಿಯ ಮೂಗು ಹೋದ ಸ್ವಾತಂತ್ರ್ಯದಲ್ಲಿ ಒಂದು ಬೀಡಿ ತಂದು, ಹಚ್ಚಿ, ಎರಡು ಸಲ ಎಳೆದು ಎಸೆದುಬಿಟ್ಟರು. ಬೈಯುವವರಿಲ್ಲದ ಬೀಡಿ ಇಷ್ಟು ಸಪ್ಪಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಊರಿಗೆ "ಜ್ವರ" ಎಂದು ಹೇಳಿಕಳಿಸಿ ಪಕ್ಷಮಾಸ ದಾಟಿಸಿದಳು. ಕಾರ್ತೀಕವನ್ನೂ ದಾಟಿಸಿದಳು. ಆದರೆ ಕಮಲಾಪುರವನ್ನು ದಾಟಿಸಲಾಗಲಿಲ್ಲ. ದೊಡ್ಡಪ್ಪನ ಮಗ ವಿಠ್ಠಲರಾಯನಿಗೆ ಅರವತ್ತರ ಶಾಂತಿ. ಇನ್ನೂರು ಎಲೆ. ಹೂರಣದ ಹೋಳಿಗೆ, ಕಟ್ಟಿನ ಸಾರು. "ನಿನ್ನ ಕೈಯಿಂದಾನೇ ಆಗಬೇಕು ತಂಗಿ" ಎಂದು ಅಣ್ಣ ಪತ್ರ ಬರೆದಿದ್ದ.

"ಖರೇ ಹೇಳಿಬಿಡು" ಎಂದರು ರಾಯರು. "ಮೂಗು ಬಿದ್ದದ, ಬ್ಯಾರೆ ಯಾರನ್ನರ ಕರೀರಿ ಅಂತ."

"ತವರಮನಿಗೆ ಹೋಗಿ, ಮೂಗಿಲ್ಲದ ಅಡಿಗಿಯಾಕಿ ಅಂತ ಹೇಳಿ ಬರಲೇನು? ನಾಳಿಂದ ಯಾರೂ ಒಂದು ಒಲಿ ಕೊಡೂದಿಲ್ಲ ನನಗ. ಅದೊಂದು ಬಿಟ್ಟರ ನನ್ನ ಕೈಗೆ ಮತ್ತೇನ್ ಬರ್ತದ್ರೀ?"

ಉತ್ತರ ಹಿತ್ತಲಿಂದ ಬಂತು.

"ನಾ ಬರ್ತೀನ್ರಿ ಬಾಯಾರ" ಎಂದಳು ಹಣಮಮ್ಮ, ಬೂದಿ ಕೈ ಝಾಡಿಸುತ್ತ. "ಅಡಗಿಮನಿ ಖಿಡಕಿ ಹೊರಗ ನಿಂದರ್ತೀನಿ. ಹವಾ ಬಂದಂಗ ಹೇಳ್ತೀನಿ."

"ನಿನಗೇನ ಗೊತ್ತಾಗ್ತದ ಹಣಮವ್ವ, ನಮ್ಮ ಸಾರು? ನಿಮ್ಮ ಮನ್ಯಾಗ ಬಳ್ಳೊಳ್ಳಿ ಇಲ್ಲದ ನೀರೂ ಕುಡಿಯಂಗಿಲ್ಲ."

"ಹದಿನಾಲ್ಕ ವರ್ಸ ಆತು, ನಿಮ್ಮ ಸಾರಿನ ಪಾತ್ರಿ ತಿಕ್ಲಾಕತ್ತು. ತಳದಾಗಿನ ವಾಸನಿ ನನ್ನ ಉಗುರಿನಾಗ ಕುಂತಾದ. ನೀವು ಛಲೋ ಮಾಡಿದ ದಿನ ಯಾವುದು, ರಾಯರ ಸಂಗಾಟ ಜಗಳಾಡಿ ಮಾಡಿದ ದಿನ ಯಾವುದು, ಪಾತ್ರಿ ಮೂಸಿ ಹೇಳ್ತೀನಿ. ಹೇಳಲ್ಯಾ?"

"ಬ್ಯಾಡ" ಎಂದರು ರಾಯರು ಅವಸರದಿಂದ.

ಹೀಗೆ ಸಕ್ಕೂಬಾಯಿ, ಹಣಮಮ್ಮ ಇಬ್ಬರೂ ಕಮಲಾಪುರಕ್ಕೆ ಹೋದರು. ಶಾಂತಿಯ ಬೆಳಿಗ್ಗೆ ಸಕ್ಕೂಬಾಯಿ ಮಡಿ ಉಟ್ಟು ಒಲೆಯ ಮುಂದೆ ನಿಂತಳು. ಹಣಮಮ್ಮ ಹಿತ್ತಲಲ್ಲಿ, ಖಿಡಕಿಯ ಹೊರಗೆ, ಪಾತ್ರೆ ತಿಕ್ಕುವ ನೆವದಲ್ಲಿ ಕೂತಳು. ಸಾರು ಕುದಿಯತೊಡಗಿತು. ಸಕ್ಕೂಬಾಯಿ ಎಂದಿನಂತೆ ಬಾಗಿ, ಕಣ್ಣು ಮುಚ್ಚಿ, ಉಸಿರು ಎಳೆದಳು. ಸುತ್ತಲಿನ ಹೆಣ್ಣುಮಕ್ಕಳು ಮೂಗಿನ ತೀರ್ಪಿಗಾಗಿ ಕಾದರು. ಹೊರಗೆ ಹಣಮಮ್ಮ ಒಮ್ಮೆ ಕೆಮ್ಮಿದಳು. ಒಂದು ಕೆಮ್ಮು ಎಂದರೆ ಉಪ್ಪು, ಎರಡು ಎಂದರೆ ಹುಳಿ.

"ಉಪ್ಪು ಸ್ವಲ್ಪ ಕಮ್ಮಿ" ಎಂದಳು ಸಕ್ಕೂಬಾಯಿ ಗಂಭೀರವಾಗಿ. ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ಬೆರಗಾದರು.

ಎಲ್ಲ ಹೀಗೆಯೇ ಸಾಗಿದ್ದರೆ ಅವಳ ಹೆಸರು ಸೂಜಿಯ ಮೊನೆಯಷ್ಟೂ ಮುಕ್ಕಾಗುತ್ತಿರಲಿಲ್ಲ. ಉಪ್ಪು ಹಾಕಿ ತಲೆ ಎತ್ತಿದಾಗ ಖಿಡಕಿಯಾಚೆ ಹಿತ್ತಲಿನ ಬಚ್ಚಲು ಕಂಡಿತು. ಬಾಗಿಲಲ್ಲಿ ವಿಠ್ಠಲರಾಯನ ಹೆಂಡತಿ ಸಾವಿತ್ರೀಬಾಯಿ. ಪುರೋಹಿತರು ಬರುವುದರೊಳಗೆ ಬಚ್ಚಲು ಬೆಳ್ಳಗಾಗಲೆಂದು ನೆಲಕ್ಕೆಲ್ಲ ಬ್ಲೀಚಿಂಗ್ ಪೌಡರ್ ಚೆಲ್ಲಿದ್ದಳು. ಕೈಯಲ್ಲಿ ಆ್ಯಸಿಡ್ ಬಾಟಲಿ, ಬಿರಡೆ ತಿರುವುತ್ತಿದ್ದಳು.

"ವೈನೀ! ಬ್ಯಾಡ!"

ಸಾವಿತ್ರೀಬಾಯಿ ಕೈಬೀಸಿದಳು. ನಿನ್ನ ಕೆಲಸ ನೀ ನೋಡು ಎಂಬಂತೆ.

ಸಕ್ಕೂಬಾಯಿ ಸೌಟು ಬಿಟ್ಟು ಓಡಿದಳು. ಮಡಿ ಸೀರೆಯಲ್ಲಿ, ಮಡಿ ಗೆರೆ ದಾಟಿ, ಮುಸುರೆ ಪಾತ್ರೆ ತುಳಿದು, ಬಚ್ಚಲಿನ ಬಾಗಿಲಿಗೆ ಹೋಗಿ ಸಾವಿತ್ರೀಬಾಯಿಯ ಕೈಯಿಂದ ಬಾಟಲಿ ಕಿತ್ತುಕೊಂಡಳು. ಮನೆತುಂಬ ಜನ ಹಿತ್ತಲಿಗೆ ಬಂದರು.

"ಹುಚ್ಚ ಹಿಡದದೇನ ಸಕ್ಕೂ? ಮಡೀಲೆ ಬಂದು ಬಚ್ಚಲದ ಬಾಟ್ಲಿ ಮುಟ್ಟೀಯಲ್ಲ! ನೈವೇದ್ಯದ ಅಡಿಗಿ ಅರ್ಧಾ ಬಿಟ್ಟು!"

"ಇವೆರಡೂ ಕೂಡಸಬಾರದು ವೈನಿ. ವಿಷ ಆಗ್ತದ."

"ಯಾವ ವಿಷ? ಎರಡೂ ತೊಳಿಯಾವೇ. ಅಷ್ಟ ದೊಡ್ಡ ಮೂಗು ಅದ ನಿನಗ, ಗಂಜಿನ ಚೀಲ ಹಿಡದಾಕಿ ನೀ. ನಾ ಒಂದು ಹನಿ ಹಾಕ್ತೀನಿ, ಮೂಸಿ ಎಲ್ಲಾರ ಮುಂದ ಹೇಳು, ವಿಷಾನೋ ಅಲ್ಲೋ. ಏನಂತದ ನಿನ್ನ ಮೂಗು?"

ಇನ್ನೂರು ಕಣ್ಣುಗಳು ಸಕ್ಕೂಬಾಯಿಯ ಮೂಗಿನ ಮೇಲೆ ಬಿದ್ದವು. ಅವಳು ಒಂದು ಸಲ ಖಿಡಕಿಯ ಕಡೆ ನೋಡಿದಳು, ಒಂದು ಸಲ ಬಿಳಿ ನೆಲದ ಕಡೆ. ಸಾವಿತ್ರೀಬಾಯಿಯ ಹಿಂದೆ ಬಚ್ಚಲಿನ ಬಾಗಿಲು ತೆರೆದಿತ್ತು, ಅದರ ಚಿಲಕ ಬಿಸಿಲಿಗೆ ಹೊಳೆಯುತ್ತಿತ್ತು.

"ನನ್ನ ಮೂಗು ಏನೂ ಅನ್ನೂದಿಲ್ಲ ವೈನಿ" ಎಂದಳು. "ಎರಡು ತಿಂಗಳಾತು, ಅದು ಮಾತು ಬಿಟ್ಟದ. ಹಿಂಗೇ ಬ್ಲೀಚಿಂಗ್ ಮ್ಯಾಲ ಆ್ಯಸಿಡ್ ಸುರವಿ, ಬಾಗಲಾ ಹಾಕ್ಕೊಂಡು, ನಾ ದೊಡ್ಡಾಕಿ ಅಂತ ಬಗ್ಗಿ ಮೂಸಿದೆ. ಸತ್ತೇ ಹೋಗ್ತಿದ್ದೆ. ಹಣಮವ್ವ ಬಾಗಲಾ ಒದ್ದು ಹೊರಗ ಎಳದಳು. ಇವತ್ತ ಸಾರಿನ ಉಪ್ಪು ನೋಡಿದ್ದು ನಾನಲ್ಲ, ಖಿಡಕಿ ಹೊರಗಿಂದ ಆಕೀನೇ. ಇಷ್ಟು ಖರೇ. ಇನ್ನ ಈ ಬಾಟ್ಲಿ ಬೇಕಾದ್ರ, ನನ್ನ ತಲಿ ಮ್ಯಾಲ ಸುರವಿ ಒಳಗ ಹೋಗ್ರಿ."

ಸಾವಿತ್ರೀಬಾಯಿ ಬಚ್ಚಲಿನಿಂದ ಎರಡು ಹೆಜ್ಜೆ ಆಚೆ ಸರಿದಳು. ಹಣಮಮ್ಮ ಯಾರ ಅಪ್ಪಣೆಯನ್ನೂ ಕೇಳದೆ ಕೊಡಗಟ್ಟಲೆ ಬರೀ ನೀರು ಸುರಿದು ಪೌಡರನ್ನೆಲ್ಲ ತೊಳೆದುಹಾಕಿದಳು.

ಕೊನೆಗೆ ವಿಠ್ಠಲರಾಯ ಬಾಯಿ ತೆರೆದ. "ಸಕ್ಕೂ, ಬಾವಿಗೆ ಹೋಗಿ ಮತ್ತೊಂದು ಸ್ನಾನ ಮಾಡು. ಹೊಸ ಸಾರು ಇಡು. ಅರವತ್ತು ವರ್ಷ ಬದುಕೀನಿ ಅಂತ ಶಾಂತಿ ಮಾಡಸಲಾಕತ್ತೀನಿ, ಇವತ್ತು ಹೆಂಡ್ತಿನ್ನ ಕಳಕೊಂಡು ಕುಂದರೂದಿತ್ತು. ಹಣಮವ್ವಾ, ನೀ ಖಿಡಕ್ಯಾಗಿಂದ ಅಲ್ಲಾಡಬ್ಯಾಡ. ಕೆಮ್ಮಬ್ಯಾಡ, ಬಾಯಿಬಿಟ್ಟು ಹೇಳು."

ಬಾಯಿಬಿಟ್ಟು ಹೇಳಲು ಬಿಟ್ಟಿದ್ದೇ ತಡ, ಹಣಮಮ್ಮನ ದನಿ ಓಣಿಗೆಲ್ಲ ಕೇಳಿಸಿತು. "ಹುಣಸಿ ಇನ್ನೂ ಹಸೀ ಅದ್ರೀ! ತಡೀರಿ, ಇಳಸಬ್ಯಾಡ್ರಿ! ಹಾಂ, ಈಗ ನಮ್ಮ ಬಾಯಾರ ಸಾರಾತು!" ಒಳಗೆ ಸಕ್ಕೂಬಾಯಿ ಸೌಟು ತಿರುವುತ್ತ, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒಲೆಯ ಹೊಗೆ ಎಂದು ಎಲ್ಲರೂ ತಿಳಿದರು.

ನೈವೇದ್ಯವಾಯಿತು. ಎಲೆಗಳು ಬಿದ್ದವು. ಮೊದಲ ಪಂಕ್ತಿಯವರು ಸಾರು ಸುರಿದುಕೊಂಡು ಬಾಯಿಗಿಟ್ಟಾಗ ಸಕ್ಕೂಬಾಯಿ ಕಂಬ ಹಿಡಿದು ನಿಂತಿದ್ದಳು. ಒಂದು ಕೈಯಾದರೂ ಎಲೆಯ ತುದಿಯ ಉಪ್ಪಿನ ಕಡೆ ಹೋದರೆ ತನ್ನ ಕಸುಬು ಅಲ್ಲಿಗೆ ಮುಗಿಯಿತು. ಒಂದೂ ಹೋಗಲಿಲ್ಲ. ಸುರ್ ಎಂಬ ಸಪ್ಪಳ ಒಂದೇ ಸಮನೆ ನಡೆದು, ಹುಮನಾಬಾದ್ ರಸ್ತೆಯಲ್ಲಿ ಹೋಗುವ ಲಾರಿಯವರು ಟಾಯರಿನ ಗಾಳಿ ಹೋಯಿತೆಂದು ಇಳಿದು ನೋಡಿದರು.

ಕೊನೆಯ ಪಂಕ್ತಿಗೆ ಕೂತ ಸಾವಿತ್ರೀಬಾಯಿ ಹೋಳಿಗೆಗೊಮ್ಮೆ, ಅನ್ನಕ್ಕೊಮ್ಮೆ, ಸುಮ್ಮನೆ ಕುಡಿಯಲು ಮತ್ತೊಮ್ಮೆ ಸಾರು ಹಾಕಿಸಿಕೊಂಡಳು. ಕೈ ತೊಳೆದು ಬಂದು, ಎಲೆ ಅಡಿಕೆ ಹಾಕಿಕೊಳ್ಳುವಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ಹತ್ತು ಮಂದಿ ಹೆಣ್ಣುಮಕ್ಕಳ ನಡುವೆ ದನಿ ಏರಿಸಿ ಕೇಳಿದಳು:

"ಸಾರೇನೋ ಆತು ಸಕ್ಕೂ. ಆದರ ಮಡಿ ಹೊರಗಿನಾಕಿ, ದೇವರಿಗಿಂತ ಮೊದಲ ವಾಸನಿ ನೋಡಿದ ಅಡಿಗಿ ಅದು. ಉಂಡವರು ಏನು ಪ್ರಾಯಶ್ಚಿತ್ತ ಮಾಡಬೇಕು, ಅದನ್ನರ ಹೇಳು."

ಸಕ್ಕೂಬಾಯಿ ಬರಿದಾದ ಕೊಪ್ಪರಿಗೆಯನ್ನು ಹಣಮಮ್ಮನ ಕಡೆ ಜಾರಿಸಿ, ಸೊಂಟದ ಮೇಲೆ ಕೈಯಿಟ್ಟು ತಿರುಗಿದಳು.

"ಆಚಾರ್ಯರನ್ನ ಕೇಳಿ ಹೇಳ್ತೀನಿ ವೈನಿ. ಆದರ ಹೋಗೂಕಿಂತ ಮೊದಲ ನೀವ ಹೇಳ್ರಿ, ನಿಮ್ಮ ಪಾಲಿಂದು ಒಂದು ಸಲದ್ದು ಕೇಳಲೋ, ಮೂರು ಸಲದ್ದೋ?"